ಗಾರ್ಡ್ ಸಾಹೇಬರ ಹೆಲ್ಮೆಟ್ಟು

ಯುದ್ಧ ಬಂದರೆ ನಮ್ಮ ಜನ ಹೇಗೆ ನಡೆದುಕೊಳ್ಳುತ್ತಾರೋ ನಾನರಿಯೆ. ಯುದ್ಧದ ತಾಲೀಮಿನಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಮಾತ್ರ ಕಂಡಿದ್ದೇನೆ. ಪ್ರತಿ ಸಲವೂ ಒಂದಿಲ್ಲೊಂದು ಆಗಿಯೇ ತೀರುತ್ತಿತ್ತು.

ತೆಲುಗು ರಾಜಧಾನಿಯ ಅಂಚಿನ ಗಚ್ಚಿಬೌಲಿಯಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಗಡಿಯಲ್ಲಿ ಸೈನ್ಯ ಜಮಾಯಿಸಿತ್ತು. ಬಾಂಬು ಬಿದ್ದರೆ ಜನರನ್ನು ಕಾಪಾಡಲು ಕನ್ನಡದವರೇ ಹೆಚ್ಚಿದ್ದ ನಮ್ಮ ಕಾಲೊನಿಯಲ್ಲೂ ನಾಗರಿಕ ರಕ್ಷಣೆಯ ಸ್ವಯಂಸೇವಕರ ತಂಡವಾಯಿತು. ಮುಖ್ಯಸ್ಥರು ರಾಯಚೂರು ಕಡೆಯ ನಿವೃತ್ತ ರೈಲ್ವೆ ಗಾರ್ಡು. ಹಸಿರು ಬಾವುಟ ಒಪ್ಪಿಸಿ ಮನೆಗೆ ಬಂದು ಮಂಕಾಗಿದ್ದ ಮನುಷ್ಯನಿಗೆ ಈಗ ಹೆಲ್ಮೆಟ್ಟು, ಸೀಟಿ ಸಿಕ್ಕಿದ್ದವು. ತರಕಾರಿ ತರಲೂ ಹೆಲ್ಮೆಟ್ಟು ಹಾಕಿಕೊಂಡೇ ಹೋಗುತ್ತಿದ್ದರು. ನಾನು ಅವರ ಸಹಾಯಕ; ನನಗೆ ಸೀಟಿ ಮಾತ್ರ.

ಮುಸ್ಸಂಜೆ

ಮೊದಲನೆಯದು ದೀಪ ಆರಿಸುವ ತಾಲೀಮು. ಸೈರನ್ ಕೂಗಿತು, ಕಾಲೊನಿ ಕತ್ತಲಾಯಿತು, ಒಂದು ಕಿಟಕಿ ಬಿಟ್ಟು. ಸಾಹೇಬರು ಸೀಟಿ ಊದುತ್ತ ಓಡಿದರು. ಅದು ಅವರದೇ ಮನೆ.

"ದೀಪ ಆರ್ಸು!"

"ಮುಸ್ಸಂಜಿಗೆ ದೇವರ ದೀಪ ಆರಸ್ತಾರೇನ್ರಿ?" ಎಂದರು ಅವರ ಹೆಂಡತಿ. "ಇದೇನು ನಿಮ್ಮ ರೈಲಿನ ಕಂದೀಲಲ್ಲ."

"ಮ್ಯಾಲಿಂದ ಕಾಣಸ್ತೈತಿ!"

"ಕಾಣ್ಲಿ. ದೇವರೂ ಮ್ಯಾಲೇ ಅದಾನ."

ತಾಲೀಮು ಮುಗಿಯುವ ತನಕ ಸಾಹೇಬರು ಹೆಲ್ಮೆಟ್ಟನ್ನು ದೀಪಕ್ಕೆ ಮರೆ ಹಿಡಿದು ನಿಂತಿದ್ದರು.

ಅನುಮತಿ

ಪಕ್ಕದ ಗಾಜಿನ ಕಚೇರಿ ಮಾತ್ರ ಮದುವೆ ಮನೆಯಂತೆ ಝಗಮಗಿಸುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ, ನಮ್ಮ ಮೇಲಿನ ಮನೆಯ ಮೈಸೂರಿನ ಹುಡುಗನನ್ನು ವಿಚಾರಿಸಿದೆ.

"ಆರಿಸೋಕೆ ನಮ್ಮ ಅಭ್ಯಂತರ ಏನಿಲ್ಲ ಸಾರ್. ಅಮೆರಿಕಾದವರು ಹೂಂ ಅನ್ನಬೇಕು. ಅವರಿನ್ನೂ ಎದ್ದಿಲ್ಲ."

ಗಾಯಾಳು

ಎರಡನೆಯ ತಾಲೀಮಿಗೆ ಮೇಲಿನವರ ಕಡೆಯಿಂದ ಅಧಿಕಾರಿಯೊಬ್ಬರು ಬಂದರು. ಮೈಸೂರಿನ ಹುಡುಗನೇ ಗಾಯಾಳು. ತಲೆಗೆ ಪಟ್ಟಿ ಸುತ್ತಿ ಮೆಟ್ಟಿಲ ಕೆಳಗೆ ಮಲಗಿಸಿದ್ದೆವು. ಸ್ಟ್ರೆಚರ್ ತೆಗೆದುಕೊಂಡು ಹೋಗುವಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಬಾಳೆಹಣ್ಣು, ಎಳನೀರು ಹಿಡಿದು ನೋಡಲು ಬಂದುಬಿಟ್ಟಿದ್ದರು. ಹಿಂದಿನ ಶೆಡ್ಡಿನಲ್ಲಿದ್ದ ಗಾರೆ ಕೆಲಸದ ಯಾದಗಿರಿಯ ಗೌಂಡಿಯ ಹೆಂಡತಿ, "ಪರಊರಾಗ ಯಾರದರ ಕಣ್ಣು ಬಿದ್ದಿರ್ತೈತಿ ಯಪ್ಪಾ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟಿಗೆ ಗಾಯಾಳು ಕೆಮ್ಮುತ್ತ ಎದ್ದು ಓಡಿದ. ಸ್ಟ್ರೆಚರ್ ಹೊತ್ತು ನಾವೂ ಹಿಂದೆ ಓಡಿದೆವು.

ಗಾಯಾಳು ಎಲ್ಲಿ ಎಂದರು ಅಧಿಕಾರಿ.

ಸಾಹೇಬರು ಸೆಲ್ಯೂಟ್ ಹೊಡೆದರು: "ಅಚ್ಛಾ ಹೋಗಯಾ ಸಾಬ್. ಘರ್‌ಕೂ ಗಯಾ." ವಾಸಿಯಾಗಿ ಮನೆಗೆ ಹೋದನಂತೆ.

ಅಧಿಕಾರಿ ನಗಲಿಲ್ಲ. ಮುಂದಿನ ತಾಲೀಮೂ ಕೆಟ್ಟರೆ ತಂಡ ರದ್ದು, ಹೆಲ್ಮೆಟ್ಟು ವಾಪಸು ಎಂದು ಹೇಳಿಹೋದರು. ಸಾಹೇಬರು ಆ ವಾರ ಸರಿಯಾಗಿ ಊಟ ಮಾಡಲಿಲ್ಲ.

ಹಾರ್ನು

ಮೂರನೆಯದು ಸುಲಭದ್ದು. ಸೈರನ್ ಕೂಗಿದರೆ ಎಲ್ಲರೂ ಮನೆ ಬಿಟ್ಟು ಗೇಟಿನ ಬಳಿ ಸೇರಿ, ಅಲ್ಲಿಂದ ನೆಲಮಾಳಿಗೆಗೆ ಇಳಿಯಬೇಕು. ಆದರೆ ನಮ್ಮ ಜನ ಸೈರನ್ ಕೇಳಿದರೆ ವಿಮಾನ ನೋಡಲು ಚಹಾದ ಕಪ್ಪು ಸಮೇತ ಮಾಳಿಗೆ ಹತ್ತುತ್ತಿದ್ದರು.

"ಇವರನ್ನ ಕೆಳಗ ಇಳಸೋ ಸಪ್ಪಳ ಲೋಕದಾಗ ಒಂದೇ ಐತಿ" ಎಂದರು ಸಾಹೇಬರು. ಏನೆಂದು ಹೇಳಲಿಲ್ಲ.

ಆ ಸಂಜೆ ಅಧಿಕಾರಿ ಗೇಟಿನ ಬಳಿ ಗಡಿಯಾರ ನೋಡುತ್ತ ನಿಂತರು. ಸೈರನ್ ಕೂಗಿತು. ಜನ ಮಾಳಿಗೆ ಹತ್ತಿದರು. ಸಾಹೇಬರು ಬಾವುಟ ಬೀಸುವಂತೆ ಕೈ ಬೀಸಿದರು. ಗೇಟಿನಾಚೆ ನೀರಿನ ಟ್ಯಾಂಕರಿನ ಹಾರ್ನು ಮೊಳಗಿತು.

ನಲ್ಲಿ ಒಣಗಿದ ಬೇಸಿಗೆ. ಕಣ್ಣು ಮಿಟುಕಿಸುವುದರೊಳಗೆ ಇಡೀ ಕಾಲೊನಿ ಕೊಡ, ಬಕೆಟ್ಟು, ಹಂಡೆಗಳೊಂದಿಗೆ ಕೆಳಗಿತ್ತು. ಬೆಂಕಿ ಆರಿಸುವ ಸಿದ್ಧತೆಯನ್ನೂ ಮಾಡಿಕೊಂಡೇ ಇಳಿದಿದ್ದಾರಲ್ಲ ಎಂದು ಅಧಿಕಾರಿ ಸಾಹೇಬರ ಕೈ ಕುಲುಕಿದರು. ಹೆಲ್ಮೆಟ್ಟಿನ ಕೆಳಗೆ ಸಾಹೇಬರ ಮುಖ ಅರಳಿತು.

"ಪೈಪು ಎಲ್ಲೈತೋ?" ಎಂದಳು ಗೌಂಡಿಯ ಹೆಂಡತಿ.

ಟ್ಯಾಂಕರಿನವನು ಬೀದರಿನವ, ಸುಳ್ಳು ಬಾರದವ. "ನೀರು ಬ್ಯಾಡ, ಬರೇ ಹಾರನ್ ಹೊಡಿ ಅಂದಾರ್ರೀ ಅಕ್ಕಾ, ಆ ಹೆಲ್ಮೆಟ್ ಸಾಬ್ರು!"

ಕೊಡಗಳೆಲ್ಲ ನಮ್ಮತ್ತ ತಿರುಗಿದವು. ಸಾಹೇಬರು ಶಾಂತವಾಗಿ ಹೆಲ್ಮೆಟ್ಟು ತೆಗೆದು ಅಧಿಕಾರಿಯ ತಲೆಗೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಆ ದಿನ ನೆಲಮಾಳಿಗೆಗೆ ಓಡಿ ಆಶ್ರಯ ಪಡೆದದ್ದು ಅಧಿಕಾರಿ ಒಬ್ಬರೇ. ಜನ ಚದುರಿದ ಮೇಲೆ ಮೆಲ್ಲಗೆ ಹೊರಬಂದವರು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಸಾಹೇಬರಿಗೆ ಒಪ್ಪಿಸಿದರು. ಇದು ದಯವಿಟ್ಟು ನಿಮ್ಮ ಹತ್ತಿರವೇ ಇರಲಿ ಎಂದರು.