ಅಣ್ಣ, ತಮ್ಮ ಮತ್ತು ಸರ್ವರ್

ವೈರಪ್ಪನ ಮಂಡಿನೋವೇ ಇಷ್ಟಕ್ಕೆಲ್ಲ ಮೂಲ. ಬಾಗಿಲು, ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಅವನ ನಿಜವಾದ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಕಾರ್ಖಾನೆ ಅಣ್ಣತಮ್ಮಂದಿರದು. ದೊಡ್ಡ ಯಜಮಾನರು ಕೆಳಗೆ ಕೂತು ಆರ್ಡರು ನೋಡುತ್ತಿದ್ದರು, ಚಿಕ್ಕ ಯಜಮಾನರು ಮಹಡಿಯ ಮೇಲೆ ನಕ್ಷೆ ಬರೆಯುತ್ತಿದ್ದರು. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕೆಳಗಿನ ಕಂಪ್ಯೂಟರು ಒಂದು ಜಾತಿಯದು, ಮೇಲಿನದು ಇನ್ನೊಂದು. ಅವೂ ಯಜಮಾನರ ಹಾಗೆ ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲ.

ಹೀಗಾಗಿ ವೈರಪ್ಪ ಪೆನ್‌ಡ್ರೈವ್ ಹಿಡಿದು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಫೈಲುಗಳ ಜೊತೆಗೆ ಮಾತುಗಳನ್ನೂ ಹೊರುತ್ತಿದ್ದ. ಕೆಳಗೆ "ಆ ಕತ್ತೆಗೆ ಹೇಳು, ಅಗಲ ಕಮ್ಮಿ ಮಾಡೋಕೆ" ಎಂದಿದ್ದು ಮೇಲೆ ತಲುಪುವಷ್ಟರಲ್ಲಿ, "ನಕ್ಷೆ ತುಂಬಾ ಚೆನ್ನಾಗಿದೆಯಂತೆ ಸರ್. ಅಗಲ ಒಂಚೂರು ಕಮ್ಮಿ ಆದ್ರೆ ಇನ್ನೂ ಚೆನ್ನ ಅಂದ್ರು" ಎಂದಾಗುತ್ತಿತ್ತು. ಮೇಲಿನಿಂದ "ಅವನ ತಲೆ" ಎಂದು ಹೊರಟ ಉತ್ತರ ಕೆಳಗಿಳಿದಾಗ, "ಅಣ್ಣ ಹೇಳಿದ್ಮೇಲೆ ಮುಗೀತು ಅಂದ್ರು ಸರ್" ಎಂದಾಗಿರುತ್ತಿತ್ತು.

ಮಂಡಿ ಪೂರ್ತಿ ಕೈಕೊಟ್ಟಾಗ ವೈರಪ್ಪ ಕಾಡಿ ಬೇಡಿ ಒಂದು ಸರ್ವರ್ ಹಾಕಿಸಿದ. "ಯಾವ ಜಾತಿ ಕಂಪ್ಯೂಟರ್ ಬಂದ್ರೂ ಅದರ ಭಾಷೇಲೇ ಮಾತಾಡುತ್ತೆ," ಎಂದಿದ್ದ ಮಾರಲು ಬಂದವನು. "ಎದುರಿಗಿರೋದು ಬೇರೆ ಜಾತಿ ಅಂತ ಗೊತ್ತೇ ಆಗಲ್ಲ. ಅಳಿಸಿದ್ದನ್ನೂ ವಾಪಸ್ ತರಬಹುದು. ಒಂದಕ್ಷರ ಆಚೀಚೆ ಆಗಲ್ಲ."

ಆ ಕೊನೆಯ ಮಾತಿಗೆ ವೈರಪ್ಪ ಹೆದರಬೇಕಾಗಿತ್ತು. ಅವನು ಖುಷಿಪಟ್ಟ.

ಸರ್ವರ್ ಶುರುವಾದ ಬೆಳಿಗ್ಗೆ ಅವನು ಕಾಲು ಚಾಚಿ ಕೂತು ಟೀ ಹೀರುತ್ತಿದ್ದ. ಅತ್ತ ದೊಡ್ಡ ಯಜಮಾನರು ಎಲ್ಲರಿಗೂ ಸೇರಿದ ಫೋಲ್ಡರಿನಲ್ಲಿ ಹೊಸ ಆರ್ಡರ್ ಇಟ್ಟು, ಪಕ್ಕದಲ್ಲಿ ಎರಡು ಸಾಲು ಬರೆದರು: "ಹೋದ ಸಲದ ಬಾಗಿಲಲ್ಲಿ ಆನೆ ನುಗ್ಗುತ್ತಿತ್ತು. ಕತ್ತೆಗೆ ಈ ಸಲವಾದರೂ ಅಳತೆ ತಿಳಿಯಲಿ."

ಎರಡೂ ಸಾಲು ಚಾಚೂ ತಪ್ಪದೆ ಮೇಲಕ್ಕೆ ಹೋದವು.

ಚಿಕ್ಕ ಯಜಮಾನರು ಅದನ್ನು ಓದಿ, ಸರ್ವರಿನ ಇನ್ನೊಂದು ಗುಣವನ್ನು ತಾವೇ ಪತ್ತೆಹಚ್ಚಿದರು. ಒಂದು ಗುಂಡಿ ಒತ್ತಿದರೆ ಎಲ್ಲ ಕಂಪ್ಯೂಟರುಗಳಲ್ಲೂ ಸೂಚನೆ ಮೂಡುತ್ತಿತ್ತು. ಗೋದಾಮು, ಲೆಕ್ಕದ ಕೋಣೆ, ಪಾಲಿಶ್ ಶೆಡ್ಡು, ಎಲ್ಲೆಲ್ಲೂ ಮೂಡಿತು: "ಬಾಗಿಲು ಅಗಲ ಮಾಡಿದ್ದು ಅಣ್ಣನ ಹೊಟ್ಟೆ ನೋಡಿ."

ವೈರಪ್ಪ ಟೀ ಅರ್ಧಕ್ಕೇ ಬಿಟ್ಟು ಲೆಕ್ಕದ ಕೋಣೆಗೆ ಓಡಿದ.

"ನಿಮ್ಮ ಸರ್ವರ್ ಚೆನ್ನಾಗಿದೆ ಕಣ್ರೀ," ಎಂದರು ಲೆಕ್ಕದ ಮೇಡಂ. "ಇಷ್ಟು ದಿನ ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಲ್ಲಬೇಕಾಗಿತ್ತು."

ಪಾಲಿಶ್ ಮೇಸ್ತ್ರಿ ಸ್ಟೂಲನ್ನು ಪರದೆಯ ಎದುರಿಗೆ ಎಳೆದುಕೊಂಡ. "ದೊಡ್ಡವರದ್ದು ಇನ್ನೂ ಬಂದಿಲ್ವಾ?"

ಬಂತು. ಅದಕ್ಕೆ ಮೇಲಿನಿಂದ ಉತ್ತರವೂ ಬಂತು. ವೈರಪ್ಪ ಒಂದೊಂದನ್ನೇ ಅಳಿಸುತ್ತ ಹೋದ. ಸ್ವಲ್ಪ ಹೊತ್ತಿಗೆ ಎಲ್ಲವೂ ಸಾಲಾಗಿ ಮತ್ತೆ ಪ್ರತ್ಯಕ್ಷವಾದವು.

"ವಾಪಸ್ ತರೋ ಗುಂಡಿ ಇದೆಯಲ್ಲ, ನಾನೇ ಒತ್ತಿದೆ," ಎಂದರು ಮೇಡಂ. "ಗೋದಾಮಿನವರು ಇನ್ನೂ ಓದಿರಲಿಲ್ಲ, ಪಾಪ."

ಅವನು ಫೋಲ್ಡರಿಗೇ ಬೀಗ ಜಡಿದ. ಆಗ ಯಾರಿಗೂ ಏನೂ ತೆರೆಯಲಾಗದೆ ಕೆಲಸ ನಿಂತಿತು. ನಕ್ಷೆ ನೋಡಲು ಬಂದಿದ್ದ ಗಿರಾಕಿ ಹೊರಗೆ ಕೂಗಾಡತೊಡಗಿದ. ಬೀಗ ತೆಗೆದರೆ ಬೈಗುಳ, ಹಾಕಿದರೆ ಗಿರಾಕಿ. ದಿಕ್ಕು ತೋಚದೆ ವೈರಪ್ಪ ಮೆಟ್ಟಿಲ ಕೆಳಗಿದ್ದ ಸರ್ವರಿನ ಪ್ಲಗ್ಗನ್ನೇ ಕಿತ್ತ.

ಕಾರ್ಖಾನೆ ಒಮ್ಮೆಲೇ ತಣ್ಣಗಾಯಿತು. ಆಮೇಲೆ ಮೇಲಿನಿಂದ ದಡದಡ ಹೆಜ್ಜೆ ಕೇಳಿಸಿತು. ಕೆಳಗಿನ ಕೋಣೆಯಲ್ಲಿ ಕುರ್ಚಿ ಸರಿಯಿತು. ಯಜಮಾನರಿಬ್ಬರೂ ಮೆಟ್ಟಿಲ ಬುಡದಲ್ಲಿ ಎದುರುಬದುರಾದರು. ಇನ್ನು ತನ್ನ ಕೆಲಸ ಹೋಯಿತೆಂದು ಪ್ಲಗ್ಗು ಹಿಡಿದ ವೈರಪ್ಪ ಗೋಡೆಗೆ ಅಂಟಿ ನಿಂತ.

"ನನ್ನನ್ನ ಕತ್ತೆ ಅಂದ್ಯಾ ಅಣ್ಣ?" ಎಂದರು ಚಿಕ್ಕವರು.

"ಯಾವಾಗ್ಲೂ ಅಂತೀನಲ್ಲ. ಇವನು ಹೇಳಿಲ್ವಾ?"

"ಇಲ್ಲ. ನೀನು ದಿನಾ ಹೊಗಳ್ತಿದ್ದೀಯ ಅಂತಿದ್ದ."

ದೊಡ್ಡವರ ಹುಬ್ಬು ಮೇಲೇರಿತು. "ನಾನು ಹೊಗಳೋದಾ? ನೀನು ನಂಬಿದ್ಯಾ?"

"ನಂಬಿದ್ದಕ್ಕೇ ಕೆಳಗೆ ಇಳೀಲಿಲ್ಲ. ಅಣ್ಣ ಇಷ್ಟು ಬೆಣ್ಣೆ ಹಚ್ತಿದ್ದಾನೆ ಅಂದ್ರೆ ಏನೋ ಮಸಲತ್ತು ಇದೆ ಅಂದ್ಕೊಂಡೆ. ಇವತ್ತು ಕತ್ತೆ ಅಂತ ಓದಿದಾಗ್ಲೇ ಸಮಾಧಾನ ಆಗಿದ್ದು. ನಮ್ಮಣ್ಣ ಹಾಗೇ ಇದ್ದಾನೆ ಅಂತ."

"ನನಗೂ ಅಷ್ಟೇ ಕಣೋ," ಎಂದರು ದೊಡ್ಡವರು. "ನೀನು ಎಲ್ಲದಕ್ಕೂ ಹೂಂ ಅಂತಿದ್ದೆಯಲ್ಲ, ಪಾಲು ಕೇಳೋಕೆ ಹೊಂಚು ಹಾಕ್ತಿದ್ದಾನೆ ಅಂದ್ಕೊಂಡಿದ್ದೆ."

ಇಬ್ಬರೂ ನಿಧಾನವಾಗಿ ವೈರಪ್ಪನ ಕಡೆ ತಿರುಗಿದರು.

"ಇಷ್ಟು ವರ್ಷ ನಮ್ಮನ್ನ ದೂರ ಇಟ್ಟವನು ಇವನೇ," ಎಂದರು ದೊಡ್ಡವರು. "ನೋಡು, ಇನ್ಮೇಲೆ ಯಾರು ಏನಂದ್ರೂ ಒಂದಕ್ಷರ ತಿದ್ದದೆ ಹೇಳ್ಬೇಕು. ಈಗ ಹೋಗು, ಆ ಗಿರಾಕಿಗೆ ಏನಂತೆ ಕೇಳ್ಕೊಂಡು ಬಾ."

ಕೆಲಸ ಉಳಿಯಿತೆಂದು ವೈರಪ್ಪ ಕುಂಟುತ್ತ ಹೋಗಿ, ಗಿರಾಕಿ ಅಂದದ್ದನ್ನೆಲ್ಲ ಗಮನವಿಟ್ಟು ಕೇಳಿಸಿಕೊಂಡು ಬಂದ. ನೆಟ್ಟಗೆ ನಿಂತು ಒಪ್ಪಿಸಿದ: "ಅಣ್ಣ ದಡ್ಡ, ತಮ್ಮ ಕಳ್ಳ, ಇಬ್ಬರನ್ನೂ ಇದೇ ಬಾಗಿಲಿಗೆ ಸೇರಿಸಿ ಮೊಳೆ ಹೊಡೀಬೇಕು ಅಂದ್ರು ಸರ್."

ಅಣ್ಣತಮ್ಮಂದಿರ ಮುಖ ಒಟ್ಟಿಗೇ ಕೆಂಪಾಯಿತು. ಲೆಕ್ಕದ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು.

"ಅಲ್ವೋ," ಎಂದರು ಇಬ್ಬರೂ ಒಂದೇ ದನಿಯಲ್ಲಿ, "ಅದನ್ನ ಸ್ವಲ್ಪ ನಯವಾಗಿ ಹೇಳೋಕೆ ನಿನಗೇನಾಗಿತ್ತು?"