ನಾಲ್ಕನೆಯ ಮಹಡಿಯಿಂದ ಇನ್ ವ್ಯೂ ಆಫ್ ಅವರಿಗೆ

ಮಾನ್ಯ ಇನ್ ವ್ಯೂ ಆಫ್, ವಿತ್ ರೆಗಾರ್ಡ್ ಟು ಹಾಗೂ ಇನ್ ಅಕಾರ್ಡೆನ್ಸ್ ವಿತ್ ಅವರೇ,

ತಾವೆಲ್ಲರೂ ಯಾವುದೋ ಕಚೇರಿಯ ಫ್ಯಾನಿನ ಕೆಳಗೆ, ದಪ್ಪ ಕಾಗದದ ಮೇಲೆ ಸುಖವಾಗಿದ್ದೀರೆಂದು ನಂಬಿ ಸವಿನಯ ವಂದನೆಗಳನ್ನು ಸಲ್ಲಿಸುತ್ತೇನೆ.

ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ನಿಂತಾಗ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳೆಂಬ ಕಾರಣಕ್ಕೆ, ನಿರ್ವಹಣೆಯ ಕಂಪನಿಗೆ ಅರ್ಜಿ ಬರೆಯುವ ಕೆಲಸ ನನ್ನ ಹೆಗಲಿಗೆ ಬಿತ್ತು. ಲಿಫ್ಟ್ ಕೆಟ್ಟಿದೆ, ನಮ್ಮತ್ತೆ ಗಾಲಿಕುರ್ಚಿಯಲ್ಲಿದ್ದಾರೆ, ನೆಲಮಹಡಿಯಲ್ಲಿರುವ ಅವರ ತಂಗಿಗೆ ಮೆಟ್ಟಿಲು ಹತ್ತಲಾಗದು, ದಯವಿಟ್ಟು ರಿಪೇರಿ ಮಾಡಿಸಿ ಎಂದಷ್ಟೇ ಬರೆದೆ. ಉತ್ತರ ಬರಲಿಲ್ಲ. ತಪ್ಪು ನನ್ನ ಭಾಷೆಯದೇ ಇರಬಹುದೆಂದು ಅನುಮಾನವಾಗಿ ಉನ್ನತ ಇಂಗ್ಲಿಷ್ ತರಗತಿಗೆ ಸೇರಿದೆ. ತಮ್ಮ ನಿಜವಾದ ಪರಿಚಯವಾದದ್ದು ಅಲ್ಲಿಯೇ. 'ಬಿಕಾಸ್' ಎನ್ನುವುದು ಮಕ್ಕಳ ಮಾತು, ದೊಡ್ಡವರು ಅದರ ಬದಲು ಇನ್ ವ್ಯೂ ಆಫ್ ಆದ ತಮ್ಮನ್ನು ಕರೆಯಬೇಕು, ಬರೀ 'ಅಬೌಟ್' ಎಂದವರನ್ನು ಯಾವ ಕಚೇರಿಯಲ್ಲೂ ಕೂರಿಸಿ ಮಾತಾಡಿಸುವುದಿಲ್ಲ ಎಂದು ಮೇಷ್ಟ್ರು ತಿಳಿಹೇಳಿದರು. 'ವ್ಯೂ'ನಂಥ ಒಂದು ಬಡಪಾಯಿ ಪದವನ್ನು ಮುಂದೊಬ್ಬರು, ಹಿಂದೊಬ್ಬರು ಹಿಡಿದು, ಮೆಲ್ಲಗೆ ನಡೆಸಿ ತರುವ ತಮ್ಮ ಗಾಂಭೀರ್ಯಕ್ಕೆ ನಾನು ಮಾರುಹೋದೆ. ತಮ್ಮನ್ನೆಲ್ಲ ಒತ್ತೊತ್ತಾಗಿ ತುಂಬಿ ಎರಡನೆಯ ಅರ್ಜಿ ಕಳಿಸಿದೆ.

ಈ ಸಲ ಉತ್ತರ ಬಂತು. ಪುಟದ ತುದಿಯಿಂದ ತುದಿಗೆ ಒಂದೇ ವಾಕ್ಯ. ತಾವು ಸಪರಿವಾರ ಹಾಜರಿದ್ದಿರಿ. ಮೆಟ್ಟಿಲ ಬಳಿ ಅದನ್ನು ಗಟ್ಟಿಯಾಗಿ ಓದಿದಾಗ ನೆರೆಹೊರೆಯವರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಪೌಡರ್ ಹಚ್ಚಿಕೊಂಡು, ಕುರ್ಚಿಯನ್ನು ಲಿಫ್ಟ್ ಬಾಗಿಲಿಗೆ ತಳ್ಳಿಸಿಕೊಂಡರು. ಬರುತ್ತಿದ್ದೇನೆಂದು ಬಾಲ್ಕನಿಯಿಂದ ತಂಗಿಗೆ ಕೂಗಿ ಹೇಳಿದ್ದೂ ಆಯಿತು. ಸಂಜೆ ಮತ್ತೆ ನಿಧಾನವಾಗಿ ಓದಿದಾಗಲೇ ನನಗೆ ತಿಳಿದದ್ದು, ಲಿಫ್ಟನ್ನು ಕಂಪನಿಯವರು ರಿಪೇರಿ ಮಾಡುವುದಿಲ್ಲವಂತೆ.

ಅತ್ತೆ ನಂಬಲಿಲ್ಲ. "ಇಲ್ಲ ಅನ್ನೋಕೆ ಅಷ್ಟು ಮಾತು ಯಾಕಮ್ಮ ಬೇಕು? ಅಷ್ಟೊಂದು ಬರೆದಿದಾರೆ ಅಂದ್ರೆ ಮಾಡ್ಕೊಡೋರೇ. ನೀನೇ ಇನ್ನೊಂದ್ಸಲ ಸರಿಯಾಗಿ ಓದು," ಎಂದರು. ಈಗಲೂ ಬೆಳಿಗ್ಗೆಯಾದರೆ ತಲೆ ಬಾಚಿಕೊಂಡು ಆ ಬಾಗಿಲ ಮುಂದೆ ಕೂರುತ್ತಾರೆ. ಕೆಳಗಿನ ಬಾಗಿಲ ಮುಂದೆ ತಂಗಿ ಸ್ಟೂಲು ಹಾಕಿಕೊಂಡಿರುತ್ತಾರೆ.

ಇಷ್ಟು ಸಲೀಸಾಗಿ ಇಲ್ಲವನ್ನು ಹೌದಿನ ಹಾಗೆ ಕಾಣಿಸಬಲ್ಲ ತಮಗೆ ಒಂದು ಸಣ್ಣ ಕೆಲಸ ಭಾರವಾಗಲಾರದು. ನಡುವೆ ಇರುವವರನ್ನು ಎರಡೂ ಕಡೆ ಹಿಡಿದುಕೊಳ್ಳುವುದು ತಮಗೆ ರೂಢಿಯೇ ಆದ್ದರಿಂದ, ದಯಮಾಡಿ ಒಮ್ಮೆ ಇಲ್ಲಿಗೆ ಬಂದು, ಇನ್ ಅವರು ಮುಂದೆ, ಆಫ್ ಅವರು ಹಿಂದೆ ನಿಂತು, ನಮ್ಮತ್ತೆಯ ಕುರ್ಚಿಯನ್ನು ಕೆಳಗಿಳಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ವ್ಯೂ ಅವರು ಕೈಚೀಲ ಹಿಡಿದುಕೊಂಡರೆ ಸಾಕು.

ಉತ್ತರ ಬಂದರೆ ಇನ್ನೊಮ್ಮೆ ಓದಿಕೊಳ್ಳಲು ಸಿದ್ಧಳಾಗಿರುವ,
ತಮ್ಮ ವಿಶ್ವಾಸಿ,
ನಾಲ್ಕನೆಯ ಮಹಡಿಯ ಸೊಸೆ

ತಾ.ಕ.: ಬರುವಾಗ ಮೆಟ್ಟಿಲು ಹತ್ತಿ ಬನ್ನಿ. ಲಿಫ್ಟ್ ಕೆಟ್ಟಿದೆ. ಎರಡೇ ಪದಗಳಲ್ಲಿ ಹೇಳಿಬಿಟ್ಟೆ, ಕ್ಷಮಿಸಬೇಕು.