ಮಾಮಾನ ಒಂದು ನಿಮಿಷ

ನಮ್ಮ ಅಕ್ಕನ ಗಂಡ, ಅಂದರೆ ಮಾಮಾನಿಗೆ, ಒಂದು ರೂಢಿ. ಮೋಟಾರು ಹತ್ತುವ ಮೊದಲು ಎರಡೂ ಕೈ ಪಟಪಟ ಜಾಡಿಸಿ, ಅಂಗೈ ತಿರುಗಿಸಿ ನೋಡಿಕೊಳ್ಳುವುದು, ಜಗತ್ತಿನ ಕೆಲಸವೆಲ್ಲ ಮುಗಿಸಿ ಬಂದವರ ಹಾಗೆ. ಆಮೇಲೆ ಅಕ್ಕನ ಕಂಕುಳಿಂದ ಕೂಸನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, "ತಂಗಿ, ಒಂದ್ ನಿಮಿಷ ಹಿಡಿ ಬೇ" ಎನ್ನುವುದು. ಆ ನಿಮಿಷ ಒಮ್ಮೊಮ್ಮೆ ಒಂದು ತಾಲೂಕಿನಷ್ಟು ಉದ್ದ, ಒಮ್ಮೊಮ್ಮೆ ಎರಡು.

ರಜೆ ಬಂತೆಂದರೆ ನನಗೆ ಇಂಥವು ತಪ್ಪಿದ್ದೇ ಇಲ್ಲ. ಹೇಳಿದರೆ ಜನ ನಗುತ್ತಾರೆ. ನಗಲಿ. ನನಗೆ ಇನ್ನೂ ಸಿಟ್ಟೇ ಬರುತ್ತದೆ. ಅದರಲ್ಲೂ ನಲವತ್ತೇಳರ ದೀಪಾವಳಿಯದು. ಆಗ ನನಗೆ ಹದಿನಾರು, ಸೊಲ್ಲಾಪುರದಲ್ಲಿ ಇಂಗ್ಲಿಷ್ ಶಾಲೆ. ರಜೆ ಮುಗಿದ ಮರುದಿನವೇ ಇತಿಹಾಸದ ಪರೀಕ್ಷೆ. ಆಳಂದದಿಂದ ಅಪ್ಪನ ಕಾಗದ ಬಂದಿತ್ತು: "ಈ ಸಲ ನಪಾಸಾದರ ಸಾಲಿ ಸಾಕು. ವರ ನೋಡಿಟ್ಟೇನಿ." ಹೊರಗಿನವರ ಎದುರು ನನಗೆ ಬಾಯಿ ಏಳುತ್ತಿರಲಿಲ್ಲ. ಮನಸ್ಸಿನೊಳಗೆ ಮಾತ್ರ ಬೈಗುಳದ ದೊಡ್ಡ ಮಳಿಗೆಯೇ ಇತ್ತು.

೧. ಯಾರ ಕೂಸು?

ಹಬ್ಬದ ಅರಿವೆ ಕೊಳ್ಳಲು ಅಕ್ಕ, ಮಾಮಾ, ಐದು ವರ್ಷದ ಮಗಳು ಮತ್ತು ಹತ್ತು ತಿಂಗಳ ಗಂಡುಕೂಸು ಜೇವರ್ಗಿಯಿಂದ ಸೊಲ್ಲಾಪುರಕ್ಕೆ ಬಂದಿದ್ದರು. ಮರಳುವಾಗ ನನ್ನನ್ನೂ ಕರೆದುಕೊಂಡರು. ನನಗೇನು, ದಾರಿಯುದ್ದಕ್ಕೂ ಓದಬಹುದೆಂಬ ಆಸೆ. ಪುಸ್ತಕ ತೆರೆದೆ. ಕೂಸು ಬಂತು. ಮಾಮಾ ಚಹಾಕ್ಕೆ ಹೋದರು. ಅಕ್ಕನಿಗೆ ಮೋಟಾರಿನ ವಾಸನೆಗೇ ವಾಂತಿ. ಮುಂದಿನ ಸೀಟಿನಲ್ಲಿ ಸೆರಗು ಹೊದ್ದು ಒರಗಿಬಿಟ್ಟಳು.

ಪಕ್ಕದಲ್ಲಿದ್ದ ದಪ್ಪ ಹೆಂಗಸು ಕೂಸನ್ನು ನೋಡಿದಳು, ನನ್ನನ್ನು ನೋಡಿದಳು.

"ಚೊಚ್ಚಲೇನವ್ವಾ?"

ಅಲ್ಲ ಅನ್ನಬೇಕು. ಬರೀ ತಲೆ ಅಲ್ಲಾಡಿಸಿದೆ; ಅದು ಹೌದೆಂದು ಕಂಡಿತೋ ಏನೋ.

"ಕೂಸು ಅಳಾಕತ್ತದ, ನೀ ಪುಸ್ತಕ ನೋಡಾಕತ್ತಿ! ಹಾಲು ಕುಡಸಬಾರದ? ನಾಚಿಕಿ ಯಾಕ? ನಾ ಸೆರಗು ಹಿಡೀತೇನಿ, ಯಾರಿಗೂ ಕಾಣೂದಿಲ್ಲ."

ಮೋಟಾರು ಹೊರಡುವ ಹೊತ್ತಿಗೆ ಮಾಮಾ ಮೀಸೆ ಒರೆಸುತ್ತ ಹತ್ತಿದರು. ಆಕೆ ಅವರ ಮೇಲೆ ಹರಿಹಾಯ್ದಳು: "ಏನ್ರಿ ಯಜಮಾನ್ರ, ಇಷ್ಟು ಸಣ್ಣ ಹುಡುಗೀನ್ನ ಮಾಡ್ಕೊಂಡೀರಿ, ಕೂಸರ ಹಿಡೀಬಾರದೇನ್ರಿ?"

ಮಾಮಾ ನಾಚಿದರು. ಕೂಸನ್ನು ಮಾತ್ರ ಹಿಡಿಯಲಿಲ್ಲ.

೨. ಐದು ಅಂಗಿ

ಸರಹದ್ದಿನ ಆಚೆ, ಸೊಲ್ಲಾಪುರದ ಕಡೆ, ಸ್ವಾತಂತ್ರ್ಯ ಬಂದು ಮೂರು ತಿಂಗಳಾಗಿತ್ತು. ಈಚೆ, ನಮ್ಮ ಕಡೆ, ಇನ್ನೂ ನಿಜಾಮರ ರಾಜ್ಯ. ನಡುವೆ ಸುಂಕದ ನಾಕಾ. ಗಂಟಿನಲ್ಲಿ ಹೊಸ ಅರಿವೆ ಕಂಡರೆ ಹಿಡಿಯುತ್ತಿದ್ದರು, ಮೈಮೇಲಿದ್ದುದಕ್ಕೆ ತಕರಾರಿಲ್ಲ. ಅದಕ್ಕೇ ನಮ್ಮ ಕಡೆಯವರೆಲ್ಲ ಹಬ್ಬದ ಮುಂದೆ ಸೊಲ್ಲಾಪುರದಿಂದ ಊದಿಕೊಂಡೇ ಬರುತ್ತಿದ್ದರು. ಮಾಮಾನ ಮೈಮೇಲೆ ಮೂರು ಅಂಗಿ, ತಲೆಗೆ ರುಮಾಲಿನ ಬದಲು ಎರಡು ಹೊಸ ಧೋತರ. ಹುಡುಗಿಗೆ ಒಂದರ ಮೇಲೊಂದು ಐದು ಫ್ರಾಕು. ಬೆವತು ಬೆವತು ಕೆಂಪಾಗಿ ಕೂತಿತ್ತು.

"ಹೊಸ ಅರಿವಿ ಅದಾವೇನ್ರಿ?" ಎಂದರು ನಾಕಾದ ಜಮಾದಾರರು.

"ಇಲ್ರಿ ಸಾಹೇಬ್ರ. ಮೈಮ್ಯಾಲಿನೂವ ಅಷ್ಟ."

ಹುಡುಗಿಗೆ ತಡೆಯಲಾಗಲಿಲ್ಲ. "ಚಾಚಾ, ಹಸರಿಂದು ಚಲೋ ಅದ ಏನು?" ಎಂದು ಮೇಲಿನದನ್ನು ಎತ್ತಿತು. ಹಸಿರು. "ಅದರ ತೆಳಗ ಹಳದಿ. ಅದರ ತೆಳಗ ಕೆಂಪು. ಅದು ಹಬ್ಬಕ್ಕ. ತಡೀರಿ, ಇನ್ನೊಂದದ!"

ಇಡೀ ಮೋಟಾರು ನಕ್ಕಿತು. ಜಮಾದಾರರ ಮುಖ ಬಿಗಿಯಿತು. ಮಾಮಾ ನನ್ನ ಕಡೆ ಬೆರಳು ಮಾಡಿದರು: "ನಮ್ಮ ನಾದಿನಿ ಹಾಕ್ಯಾಳ್ರಿ. ಇಂಗ್ಲಿಷ್ ಸಾಲಿಯಾಕಿ, ಆಕಿಗೆ ನಮ್ಮ ಕಡೀದು ತಿಳಿಯೂದಿಲ್ಲ."

ಜಮಾದಾರರು ನನ್ನ ಟ್ರಂಕು ತೆಗೆಸಿದರು. ಇತಿಹಾಸದ ಪುಸ್ತಕ ಬಿಚ್ಚಿದರು. "ಇದ್ರಾಗ ನಕಾಶೆ ಅದ. ದೊಡ್ಡ ಸಾಹೇಬ್ರು ನೋಡಬೇಕು. ಇದು ಇಲ್ಲೇ ಇರಲಿ."

"ಇಟ್ಕೋರಿ ಸಾಹೇಬ್ರ!" ಎಂದರು ಮಾಮಾ, ತಮ್ಮದೇ ಪುಸ್ತಕ ದಾನ ಮಾಡುವವರ ಹಾಗೆ. "ಪುಸ್ತಕ ಇಟ್ಕೋರಿ, ಅರಿವಿ ಬಿಡ್ರಿ."

ಹಾಗೆಯೇ ಆಯಿತು. ಇಳಿಯುವ ಮುನ್ನ ಜಮಾದಾರರು ನನ್ನನ್ನು ಮರುಕದಿಂದ ನೋಡಿದರು. "ಹುಡುಗರಿಗೆ ಐದೈದು ಅಂಗಿ ಹಾಕೂದು ಇಂಗ್ಲಿಷ್ ಸಾಲ್ಯಾಗ ಕಲಸ್ತಾರೇನವ್ವಾ?"

೩. ಜೋಳಿಗೆ

ಅಫಜಲಪುರ ದಾಟಿ ಗಾಣಗಾಪುರಕ್ಕೆ ಬಂದಾಗ ಮಧ್ಯಾಹ್ನ. ಅಲ್ಲಿ ಆ ಹೊತ್ತಿಗೆ ದತ್ತಾತ್ರೇಯರೇ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ. ಎಂಥ ಶ್ರೀಮಂತ ಯಾತ್ರಿಕನೂ ಹೆಗಲಿಗೆ ಜೋಳಿಗೆ ಹಾಕಿ ನಾಲ್ಕು ಮನೆ ಬೇಡುತ್ತಾನೆ; ಊರಿನವರೂ ಬಾಗಿಲಿಗೆ ಬಂದು ನೀಡುತ್ತಾರೆ. ಮಾಮಾ ಅಕ್ಕನನ್ನೂ ಹುಡುಗಿಯನ್ನೂ ಕರೆದುಕೊಂಡು ಇಳಿದುಕೊಳ್ಳಲು ಜಾಗ ಹುಡುಕಹೋದರು, ಕೈ ಜಾಡಿಸಿಯೇ ಹೋದರು. ನಾನು ಕೂಸನ್ನು ಹಳೇ ಧೋತರದ ಜೋಳಿಗೆಯಲ್ಲಿ ಹೆಗಲಿಗೆ ಕಟ್ಟಿಕೊಂಡು ಒಂದು ಮನೆಯ ನೆರಳಿಗೆ ನಿಂತೆ.

ಬಾಗಿಲು ತೆರೆಯಿತು. ಮುದುಕಿ ಚಪಾತಿ, ಬೆಲ್ಲ ಹಿಡಿದು ಬಂದಳು.

"ಸುಮ್ನ ನಿಂದ್ರಬಾರದವ್ವಾ. ಭಿಕ್ಷಾ ಕೇಳಬೇಕು."

ನಾನು ಹಿಂದೆ ಸರಿದೆ.

"ಕೇಳು ಅಂತೇನಿ! ಇಷ್ಟು ದೂರ ಬಂದು ನಾಚತಿ?"

ಆಕೆಯ ಗದರಿಕೆಗೆ ಹೆದರಿ ಕೇಳಿಬಿಟ್ಟೆ. ಆಕೆ ಮಂಜುಗಣ್ಣಿನಲ್ಲಿ ಜೋಳಿಗೆ ಹುಡುಕಿ, ಚಪಾತಿ ಬೆಲ್ಲ ಎರಡನ್ನೂ ಕೂಸಿನ ಹೊಟ್ಟೆಯ ಮೇಲೆ ಇಳಿಸಿದಳು. ಎದುರಿನ ಮನೆಯಾಕೆಯೂ ಬಂದಳು. ಮಾಮಾ ಮರಳುವ ಹೊತ್ತಿಗೆ ಕೂಸು ಎರಡು ಚಪಾತಿ ಹೊದ್ದು ಬೆಲ್ಲ ಚೀಪುತ್ತ ಮಲಗಿತ್ತು.

ಮಾಮಾ ಕೂಸಿನ ಮೇಲಿನ ಚಪಾತಿ ಎತ್ತಿ ಕಣ್ಣಿಗೊತ್ತಿಕೊಂಡು ತಿಂದರು. "ಪ್ರಸಾದ. ಇನ್ನೊಂದೆರಡು ಮನಿ ಮುಂದ ನಿಂತಿದ್ರ ಎಲ್ಲಾರದೂ ಆಗ್ತಿತ್ತು."

೪. ನಾಕಾದ ಮೇಜು

ಹಬ್ಬ ಜೇವರ್ಗಿಯಲ್ಲಿ. ಅಪ್ಪ ಆಳಂದದಿಂದ ಬಂದರು, "ಓದೀಯೇನು?" ಎಂದರು. ಪುಸ್ತಕ ನಾಕಾದಲ್ಲಿದೆ ಎಂದೆ. "ನೆವಾ ಹೇಳಬ್ಯಾಡ" ಎಂದರು. ಸಿಟ್ಟಿಗೆ ಎರಡು ದಿನ ಹೋಳಿಗೆ ಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ, ನನ್ನ ಪಾಲು ಮಾಮಾ ತಿಂದಿದ್ದರು.

ಮರಳುವಾಗಲೂ ಇಡೀ ಸಂಸಾರ ನನ್ನ ಜೊತೆ ಹೊರಟಿತು. ಒಂದರ ಮೇಲೊಂದು ಹಿಡಿಸಲೆಂದು ಕೊಂಡ ಫ್ರಾಕುಗಳಲ್ಲಿ ಒಳಗಿನದು ಮಾತ್ರ ಹುಡುಗಿಗೆ ಸರಿ, ಹೊರಗಿನದರಲ್ಲಿ ನಾನೇ ಹಿಡಿಯುತ್ತಿದ್ದೆ. ಅವನ್ನು ಬದಲಿಸಬೇಕಂತೆ.

ನಾಕಾ ಬಂತು. ಕಿಟಕಿಯಿಂದಲೇ ಕಂಡಿತು: ಮೇಜು, ಮೇಜಿನ ಮೇಲೆ ನನ್ನ ಪುಸ್ತಕ, ಪುಸ್ತಕದ ಮೇಲೆ ಚಹಾದ ಬಟ್ಟಲು. ಪರೀಕ್ಷೆ ನಾಳೆ. ಈಗ ಸಿಕ್ಕರೆ ಸೊಲ್ಲಾಪುರ ಮುಟ್ಟುವುದರೊಳಗೆ ಅರ್ಧವಾದರೂ ಮುಗಿಯುತ್ತದೆ. ಇಲ್ಲವಾದರೆ ಅಪ್ಪ ನೋಡಿಟ್ಟ ವರ.

"ಇಳಿಯೋರು ಲಗೂ ಇಳೀರಿ!" ಎಂದ ಕಂಡಕ್ಟರ್. ಡ್ರೈವರ್ ಆಗಲೇ ಮುಂದೆ ಹೋಗಿ ಮೋಟಾರು ಚಾಲೂ ಮಾಡಲು ಹ್ಯಾಂಡಲ್ ತಿರುವುತ್ತಿದ್ದ. ಅಕ್ಕ ಸೆರಗಿನೊಳಗೆ. ಕೂಸು ನನ್ನ ತೊಡೆಯ ಮೇಲೆ.

ಕೂಸನ್ನು ಸೀಟಿನ ಮೇಲೆ ಕೂಡಿಸಿ ಎದ್ದು ನಿಂತೆ. ಎರಡೂ ಕೈ ಪಟಪಟ ಜಾಡಿಸಿದೆ. ಅಂಗೈ ತಿರುಗಿಸಿ ನೋಡಿಕೊಂಡೆ. ಆಮೇಲೆ ಕೂಸನ್ನು ಎತ್ತಿ ಮಾಮಾನ ಎದೆಗೆ ಹಿಡಿದೆ.

"ಮಾಮಾ, ಒಂದ್ ನಿಮಿಷ ಹಿಡೀರಿ."

ಇಡೀ ಮೋಟಾರಿಗೆ ಕೇಳಿಸುವಂತೆ ಅಂದೆ.

ಮಾಮಾ ಕೂಸನ್ನು ನೋಡಿದರು. ನನ್ನನ್ನು ನೋಡಿದರು. ಕೊನೆಗೆ ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಳ್ಳತೊಡಗಿದರು, ಅವು ಯಾತಕ್ಕಿವೆ ಎಂದು ಅವತ್ತೇ ಮೊದಲ ಸಲ ಯೋಚಿಸುವವರ ಹಾಗೆ.